ನೀಲಿ ಪದರದ ಒಳಗೆ

ಆ ಬೀದಿಯಲ್ಲಿ ಈಗಲೂ ಒಂದು ಮಾತು ಓಡಾಡುತ್ತದೆ: ಸೋಪಮ್ಮ ತನ್ನ ಗಂಡನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ, ಉಸಿರುಗಟ್ಟಿಸಿ ಕೊಂದಳು. ಹೇಳುವವರು ಸಾಕ್ಷಿಯನ್ನೂ ಜೊತೆಗೇ ಕೊಡುತ್ತಾರೆ. ಪಕ್ಕದ ಮನೆಯ ದರ್ಜಿ ತನ್ನ ಹಿಂಬದಿಯ ಕಿಟಕಿಯಿಂದ ಅವಳ ಷೆಡ್ಡಿನೊಳಗೆ ಒಂದು ತಲೆಯನ್ನು ಕಂಡನಂತೆ, ಅದು ನೀಲಿಯಾಗಿತ್ತಂತೆ. ಉಸಿರು ಕಟ್ಟಿ ಸತ್ತವರ ಮುಖ ನೀಲಿಗಟ್ಟುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ದರ್ಜಿ ಇಷ್ಟನ್ನು ಮಾತ್ರ ಹೇಳಿ, ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ನೂಲು ಪೋಣಿಸುತ್ತಾನೆ. ಉಳಿದದ್ದನ್ನು ಕೇಳುವವರು ತಾವೇ ಹೊಲಿದುಕೊಳ್ಳುತ್ತಾರೆ.

ದರ್ಜಿ ಸುಳ್ಳು ಹೇಳಿಲ್ಲ. ಷೆಡ್ಡಿನಲ್ಲಿ ನೀಲಿಯ ತಲೆಯೊಂದು ಇದ್ದದ್ದು ನಿಜ. ಗಂಡನ ಮುಖಕ್ಕೆ ಅವಳು ಪ್ಲಾಸ್ಟರ್ ಮೆತ್ತಿದ್ದೂ ನಿಜ. ಆದರೆ ಆ ಎರಡರ ನಡುವೆ ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸಿನಲ್ಲಿ ಟಿಕೆಟ್ ಹರಿದ, ಪ್ರಯಾಣಿಕರೊಂದಿಗೆ ಚಿಲ್ಲರೆಗಾಗಿ ಜಗಳವಾಡಿದ, ಮನೆಗೆ ಬಂದು ಅದನ್ನೆಲ್ಲ ಅಭಿನಯಿಸಿ ತೋರಿಸಿ ಹೆಂಡತಿಯನ್ನು ನಗಿಸಿದ. ಸತ್ತದ್ದು ಡಿಪೋದ ಬೆಂಚಿನ ಮೇಲೆ, ಊಟದ ಬಿಡುವಿನಲ್ಲಿ, ಕೈಯಲ್ಲಿ ಚಹಾದ ಲೋಟ ಹಿಡಿದು ಯಾರಿಗೋ ಏನೋ ಹೇಳುತ್ತಿದ್ದಾಗ. ಮಾತು ಅರ್ಧಕ್ಕೆ ನಿಂತಿತು. ಪಕ್ಕದಲ್ಲಿದ್ದ ಡ್ರೈವರ್ ಮುಂದಿನ ವಾಕ್ಯಕ್ಕೆ ಸ್ವಲ್ಪ ಹೊತ್ತು ಕಾದನಂತೆ.

ಸೋಪಮ್ಮ ಎಂಬುದು ಅವಳ ಹೆಸರಲ್ಲ. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಅಚ್ಚಿನ ವಿಭಾಗದಲ್ಲಿ, ಅವಳು ಕೂದಲು ನರೆಯುವವರೆಗೂ ದುಡಿದಳು. ಪ್ಲಾಸ್ಟರಿನ ಅಚ್ಚಿನೊಳಗೆ ಪ್ಲಾಸ್ಟರನ್ನೇ ಸುರಿಯಬೇಕಾದರೆ ನಡುವೆ ಸೋಪಿನ ಒಂದು ಪೊರೆ ಇರಲೇಬೇಕು. ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ, ಕುಂಚದಿಂದ ಅಚ್ಚಿನ ಮೂಲೆಮೂಲೆಗೂ ಸವರಿ, ಒರೆಸಿ, ಮತ್ತೆ ಸವರಬೇಕು. ಅದಿಲ್ಲದಿದ್ದರೆ ಹೊಸ ಪ್ಲಾಸ್ಟರ್ ಹಳೆಯದನ್ನು ಕಚ್ಚಿಕೊಂಡು ಎರಡೂ ಒಂದೇ ಗಡ್ಡೆಯಾಗುತ್ತವೆ. ಆಮೇಲೆ ಯಾವ ಉಳಿಯೂ ಅವನ್ನು ಬೇರೆ ಮಾಡಲಾರದು. ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಈ ತಪ್ಪನ್ನು ಒಮ್ಮೆಯಾದರೂ ಮಾಡಿಯೇ ಮಾಡುತ್ತಿದ್ದರು. ಅದಕ್ಕೇ ಅವಳು ಪ್ರತಿ ಮೇಜಿನ ಬಳಿಯೂ ನಿಂತು, "ಸೋಪು ಹಾಕಿದ್ರಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ಬೆನ್ನ ಹಿಂದೆ ಹುಟ್ಟಿಕೊಂಡ ಅಡ್ಡಹೆಸರು ಕಾರ್ಖಾನೆಯ ಗೇಟು ದಾಟಿ ಬೀದಿಗೂ ಬಂತು. ಅವಳು ಸೋಪು ಮಾರುತ್ತಾಳೆಂದುಕೊಂಡು ಬಾಗಿಲು ತಟ್ಟಿದವರೂ ಇದ್ದರು.

ಕಾರ್ಖಾನೆ ಅವಳ ಸಂಬಳವಾಗಿತ್ತೇ ಹೊರತು ಅವಳ ಕೆಲಸವಾಗಿರಲಿಲ್ಲ. ಕೆಲಸ ಶುರುವಾದದ್ದು ತುಂಬ ಹಿಂದೆ. ತಂದೆ ಮನೆಗಳಿಗೆ ಬಣ್ಣ ಹೊಡೆಯುವವನು. ಗೋಡೆಯ ಬಿರುಕಿಗೆ ತುಂಬುವ ಪುಟ್ಟಿಯ ಉಂಡೆಯೊಂದನ್ನು ಮಗಳ ಕೈಗೆ ಕೊಟ್ಟು ಒಂದು ಮೂಲೆಯಲ್ಲಿ ಕೂರಿಸುತ್ತಿದ್ದ. ಸಂಜೆಗೆ ಆ ಉಂಡೆಗೆ ಕೊಕ್ಕು ಮೂಡಿರುತ್ತಿತ್ತು. ಆಮೇಲೆ ಕೈಗೆ ಸಿಕ್ಕಿದ್ದೆಲ್ಲ ಅವಳಿಗೆ ಮಣ್ಣೇ. ರಸ್ತೆ ರಿಪೇರಿಯವರು ಬಿಟ್ಟುಹೋದ ಡಾಂಬರು ಬಿಸಿಲಿಗೆ ಮೆತ್ತಗಾಗುವುದನ್ನೇ ಕಾದು ಅದರಲ್ಲಿ ನಾಯಿ ಮಾಡಿದಳು. ಉರಿದು ಉಳಿದ ಮೇಣದಬತ್ತಿಗಳಲ್ಲಿ ಬೆರಳುಗಳನ್ನು ಮಾಡಿದಳು. ಸ್ನಾನದ ಸೋಪಿನಲ್ಲಿ ಆಮೆ ಮಾಡಿದ ದಿನ ತಾಯಿ ಬಚ್ಚಲಿನಿಂದಲೇ ಕೂಗಿದ್ದಳು: "ಮೈ ತೊಳ್ಕೊಳ್ಳೆ ಅಂತ ಕೊಟ್ರೆ ಆಮೆ ಮಾಡಿಟ್ಟಿದೀಯಲ್ಲೇ! ಇದರ ಬೆನ್ನಿಂದ ನನ್ನ ಬೆನ್ನು ಉಜ್ಕೊಳ್ಳಲಾ?"

ಶಿಲ್ಪ ಕಲಿಸುವ ಶಾಲೆಗೆ ಅವಳು ಹೋಗಲಿಲ್ಲ. ಹೋಗಿದ್ದರೆ ಬಹುಶಃ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಾಗುತ್ತಿತ್ತೇನೋ, ಕಲ್ಲನ್ನೋ ಲೋಹವನ್ನೋ. ಆರಿಸಿಕೊಳ್ಳುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಒಂದೊಂದು ವಸ್ತುವೂ ಅವಳ ಪಾಲಿಗೆ ಒಂದೊಂದು ಜಾತಕದ ಮನುಷ್ಯ. ಮರ ಮೊದಲೇ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡು ಬಂದಿರುತ್ತದೆ ಎನ್ನುತ್ತಿದ್ದಳು. ಮೇಣ ಹೇಳಿದ್ದಕ್ಕೆಲ್ಲ ಹೂಂಗುಟ್ಟಿ ಬಿಸಿಲು ಬಂದ ಕೂಡಲೇ ಮಾತು ತಪ್ಪುತ್ತದೆ. ತಂತಿ ಒಮ್ಮೆ ಬಾಗಿದ ಜಾಗವನ್ನು ಎಷ್ಟು ನೇರ ಮಾಡಿದರೂ ಮರೆಯುವುದಿಲ್ಲ. ಮನೆಯ ಮಂಚದಡಿ, ಅಟ್ಟದ ಮೇಲೆ, ಹೊಲಿಗೆ ಯಂತ್ರದ ಪೆಟ್ಟಿಗೆಯೊಳಗೆ ಅವಳ ಕೈಯ ಜನ ವಾಸವಾಗಿದ್ದರು: ಇಟ್ಟಿಗೆಯಲ್ಲಿ ಮೊಳೆಯಿಂದ ಕೊರೆದ ಮುದುಕಿ, ನೆನೆಸಿ ಅರೆದ ಪತ್ರಿಕೆಗಳಿಂದಾದ ಕತ್ತೆ, ಮರದ ಪುಡಿ ಮತ್ತು ಅಂಟಿನಿಂದಾದ ಒಂದು ಜೊತೆ ಹಳೆಯ ಚಪ್ಪಲಿ. ಡಿಪೋದ ಎದುರಿನ ಪಾರ್ಕಿನಲ್ಲಿ ಮಕ್ಕಳು ಹತ್ತಿ ಕೂರುವ ಸಿಮೆಂಟಿನ ಆಮೆಯೂ ಅವಳದೇ. ಕಟ್ಟಡದವರು ಉಳಿಸಿದ್ದ ಸಿಮೆಂಟನ್ನು ಕೇಳಿ ಪಡೆದು ಮಾಡಿದ್ದು. ಅದರ ಮೇಲೆ ಯಾರ ಹೆಸರೂ ಇಲ್ಲ.

ಕಂಡಕ್ಟರ್ ಗಂಡನಿಗೆ ಇದರಿಂದ ತೊಂದರೆ ಇಲ್ಲದಿರಲಿಲ್ಲ. ಬಾಚಣಿಗೆಯ ಹಲ್ಲುಗಳಲ್ಲಿ ಪ್ಲಾಸ್ಟರ್, ಚಹಾ ಸೋಸುವ ಜಾಲರಿಯಲ್ಲಿ ಮರಳು, ದಿಂಬಿನ ಕೆಳಗೆ ಇಕ್ಕಳ. ಆದರೆ ಆತನ ದೂರುಗಳೆಲ್ಲ ತಮಾಷೆಯ ದಾರಿಯಲ್ಲೇ ಬರುತ್ತಿದ್ದವು. ಮಂಚದಡಿಯ ಜನರನ್ನು ನೋಡಿ, "ಮಾತಾಡಿದ್ರೆ ಪ್ಯಾಸೆಂಜರ್, ಮಾತಾಡದಿದ್ರೆ ಲಗೇಜು. ನಿಮ್ಮದೆಲ್ಲ ಲಗೇಜ್ ಚಾರ್ಜ್ ಬಾಕಿ ಇದೆ ಕಣ್ರಯ್ಯ," ಎನ್ನುತ್ತಿದ್ದ.

ಒಂದು ರಜೆಯ ಬೆಳಿಗ್ಗೆ ಆತನೇ ವಿಷಯ ತೆಗೆದ.

"ಈ ಮನೇಲಿ ಅಚ್ಚು ತೆಗೀದೆ ಉಳಿದಿರೋ ವಸ್ತು ಅಂದ್ರೆ ನಾನೊಬ್ಬನೇ. ಬೀಗಕ್ಕೆ ತೆಗೆದೆ, ಬದನೆಕಾಯಿಗೆ ತೆಗೆದೆ, ಮಗಳ ಪಾದಕ್ಕೆ ತೆಗೆದೆ. ನನ್ನ ಮುಖ ಏನು ಬದನೆಕಾಯಿಗಿಂತ ಕಡೆಯಾ?"

"ಬದನೆಕಾಯಿ ಸುಮ್ಮನಿರತ್ತೆ," ಎಂದಳು ಅವಳು. "ನಿಮ್ಮ ಕೈಲಿ ಸುಮ್ಮನೆ ಮಲಗಕ್ಕಾಗಲ್ಲ ರೀ. ಮುಖ ಅಲ್ಲಾಡಿದ್ರೆ ಎಲ್ಲ ಹಾಳು."

"ನೋಡ್ತಿರು. ಹೆಣದ ಹಾಗೆ ಮಲಗ್ತೀನಿ."

"ಥೂ, ಬಿಡ್ತು ಅನ್ನಿ!"

"ಬಿಡ್ತು, ಬಿಡ್ತು. ಆದ್ರೆ ಕಿವೀನೂ ಸೇರಿಸು. ಕಿವಿ ಇಲ್ದಿದ್ರೆ ನಿನ್ನ ಬೈಗುಳ ಎಲ್ಲಿಂದ ಕೇಳಿಸ್ಕೊಳ್ಳಲಿ?"

ಷೆಡ್ಡಿನ ಮೇಜಿನ ಮೇಲೆ ಚಾಪೆ ಹಾಸಿ ಆತನನ್ನು ಮಲಗಿಸಿದಳು. ಹುಬ್ಬು, ರೆಪ್ಪೆ, ಮೀಸೆಗೆ ವ್ಯಾಸಲೀನ್ ಹಚ್ಚಿದಳು. ಕಿವಿಯ ಹಿಂದೆ ಹತ್ತಿ ಒತ್ತಿದಳು. ಮೂಗಿನ ಹೊಳ್ಳೆಗಳನ್ನು ಮಾತ್ರ ತೆರೆದೇ ಬಿಟ್ಟಳು. ಮುಖವನ್ನು ಮುಟ್ಟುವ ಮೊದಲ ಪದರಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿದಳು. ಅದರ ಮೇಲಿನ ದಪ್ಪ ಪದರ ಬಿಳಿಯದು. ಇದು ಅಚ್ಚಿನವರ ಪದ್ಧತಿ. ಕಿವಿಯ ಮಡಿಕೆಗಳಿರುವ ಅಚ್ಚಿನಿಂದ ಎರಕವನ್ನು ಇಡಿಯಾಗಿ ಎತ್ತಲು ಬರುವುದಿಲ್ಲ. ಅಚ್ಚನ್ನೇ ಹೊರಗಿನಿಂದ ಒಡೆಯುತ್ತ ಹೋಗಬೇಕು. ನೀಲಿ ಕಂಡಿತೆಂದರೆ ಮುಖ ಹತ್ತಿರ ಬಂತು, ಕೈ ಹಗುರ ಮಾಡು ಎಂದರ್ಥ. ಅಂಥ ಅಚ್ಚು ಒಂದೇ ಒಂದು ಮುಖವನ್ನು ಕೊಟ್ಟು ಪುಡಿಯಾಗುತ್ತದೆ.

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆತ ಮೂಗಿನಲ್ಲೇ ಏನೋ ಗುನುಗಲು ಶುರುಮಾಡಿದ. ಅದು "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂಬ ನಿತ್ಯದ ಕೂಗಿನ ಧಾಟಿ ಎಂದು ಗೊತ್ತಾಗಿ ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಅವಳ ನಗು ಕೇಳಿ ಆತನಿಗೂ ನಗು ಬಂತು, ಬಂದದ್ದನ್ನು ಆತ ತಡೆದುಕೊಂಡ. ಅಚ್ಚನ್ನು ಎತ್ತಿ ನೋಡಿದಾಗ ತುಟಿಯ ಬಲ ತುದಿಯಲ್ಲಿ ಆ ತಡೆದ ನಗು ಹಾಗೇ ಉಳಿದಿತ್ತು.

"ಕೆಟ್ಟೋಯ್ತಾ?" ಎಂದು ಕೇಳಿದ ಆತ, ಕೆಂಪಾದ ಕಿವಿಗಳನ್ನು ಉಜ್ಜಿಕೊಳ್ಳುತ್ತ.

"ಇಲ್ಲ. ಇರಲಿ ಬಿಡಿ," ಎಂದಳು.

ಯಾವುದರಲ್ಲಿ ಎರಕ ಹುಯ್ಯುವುದೆಂದು ನಿಧಾನವಾಗಿ ಯೋಚಿಸೋಣವೆಂದು ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಅವಸರವೇನಿತ್ತು? ಮುಖ ಎದುರಿಗೇ ಓಡಾಡಿಕೊಂಡಿತ್ತು.

ಆತ ಡಿಪೋದಲ್ಲಿ ಸತ್ತಾಗ ಮಗಳು ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಡ್ಯೂಟಿಯಲ್ಲಿದ್ದಳು. ಸುದ್ದಿ ತಲುಪಿ, ಬದಲಿಗೆ ಯಾರಾದರೂ ಸಿಕ್ಕಿ, ಬಸ್ಸು ಬದಲಾಯಿಸಿ ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಚೀಲವನ್ನೂ ಇಳಿಸದೆ ನಿಂತು, "ಸ್ವಲ್ಪ ಕಾಯಬಾರದಿತ್ತಾ ಅಮ್ಮಾ?" ಎಂದಳು. ಕಾಯಿಸುವುದು ತನ್ನ ಕೈಯಲ್ಲಿರಲಿಲ್ಲ, ಹಿರಿಯರು ಅವಸರ ಮಾಡಿದರು ಎಂದು ತಾಯಿ ಹೇಳಲಿಲ್ಲ. ರೋಗಿಗಳ ಮುಖಗಳನ್ನು ದಿನವಿಡೀ ನೋಡುವ ಮಗಳು ತಂದೆಯ ಮುಖವನ್ನು ಕೊನೆಯ ಬಾರಿ ನೋಡಿರಲಿಲ್ಲ. ಇದ್ದ ಫೋಟೋಗಳಲ್ಲೆಲ್ಲ ಆತನಿಗೆ ಟೋಪಿಯ ನೆರಳು, ಇಲ್ಲವೇ ಮಾತಿನ ನಡುವೆ ತೆರೆದ ಬಾಯಿ.

ಅಚ್ಚಿನ ನೆನಪು ಸೋಪಮ್ಮನಿಗೆ ಬಂದದ್ದು ಆಮೇಲೆ. ಬಟ್ಟೆ ಬಿಚ್ಚಿ ಕಿಟಕಿಯ ಬಳಿ ಹಿಡಿದಳು. ಅಚ್ಚಿನಲ್ಲಿ ತಗ್ಗಾಗಿ ಮೂಡಿದ ಮುಖವನ್ನು ಒಂದು ಕೋನದಲ್ಲಿ ಬೆಳಕಿಗೆ ಹಿಡಿದರೆ ಅದು ಉಬ್ಬಿ ಬಂದಂತೆ ಕಾಣುತ್ತದೆ. ನೋಡುವವರು ಪಕ್ಕಕ್ಕೆ ಸರಿದರೆ ಮುಖವೂ ಅವರ ಕಡೆಗೇ ಹೊರಳುತ್ತದೆ. ಕಾರ್ಖಾನೆಯಲ್ಲಿ ನಿತ್ಯ ಕಂಡ ಸಂಗತಿ ಅದು. ಗೊತ್ತಿದ್ದೂ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ನೀಲಿ ಮುಖ ನಗು ತಡೆದುಕೊಂಡು ಅವಳನ್ನು ಹಿಂಬಾಲಿಸಿತು.

ಎರಕ ಹುಯ್ಯುವ ಮಾತು ದಿನದಿಂದ ದಿನಕ್ಕೆ ಹಿಂದಕ್ಕೆ ಹೋಯಿತು. ಹುಯ್ದರೆ ಅಚ್ಚು ಒಡೆಯಬೇಕು. ಈ ಹಿಂಬಾಲಿಸುವ ಮುಖ ಹೋಗಿಬಿಡುತ್ತದೆ. ಜೊತೆಗೆ, ಯಾವುದರಲ್ಲಿ? ಬದುಕಿಡೀ ಸಿಕ್ಕಿದ್ದಕ್ಕೆಲ್ಲ ಒಲಿದವಳಿಗೆ ಈಗ ಒಂದೂ ಒಪ್ಪಿಗೆಯಾಗಲಿಲ್ಲ. ಮೇಣ ಬೇಸಿಗೆಗೆ ಸೋಲುತ್ತದೆ. ಮಣ್ಣು ಒಣಗುತ್ತ ಕುಗ್ಗುತ್ತದೆ, ಆತ ಚಿಕ್ಕವನಾಗುತ್ತಾನೆ. ಕಾಗದಕ್ಕೆ ಕಣ್ಣಂಚಿನ ಗೆರೆಗಳು ಸಿಗುವುದಿಲ್ಲ. ಸಿಮೆಂಟಿನ ಮೈ ಒರಟು. ಕಾರ್ಖಾನೆಯ ಮೇಸ್ತ್ರಿ, "ಫೈಬರ್ ಹಾಕಮ್ಮ, ಹಗುರ, ಬಿದ್ರೂ ಒಡೆಯಲ್ಲ," ಎಂದಾಗ, "ಅವರೇನು ಷೋರೂಮಿನಲ್ಲಿ ನಿಲ್ಲಬೇಕಾ?" ಎಂದು ಮುಖ ತಿರುಗಿಸಿದಳು. ಕೆಲಸದಿಂದ ನಿವೃತ್ತಳಾದಳು. ಮರ, ತಂತಿ, ಮೇಣ ಯಾವುದನ್ನು ಕೈಗೆತ್ತಿಕೊಂಡರೂ ಇದು ಆತನ ಮುಖಕ್ಕೆ ಆದೀತೇ ಎಂಬ ಲೆಕ್ಕವೇ ಮೊದಲಾಗಿ, ಬೇರೇನನ್ನೂ ಮಾಡಲಾಗಲಿಲ್ಲ.

ಮಗಳು ವರ್ಗ ಮಾಡಿಸಿಕೊಂಡು ತಾಯಿಯಿದ್ದ ಊರಿನ ಇನ್ನೊಂದು ತುದಿಗೆ ಬಂದಳು. ಒಂದು ದಿನ ಷೆಡ್ಡಿನಲ್ಲಿ ತಾಯಿ ಅಚ್ಚು ಹಿಡಿದು ನಿಂತಿದ್ದನ್ನು ಕಂಡಳು. ತಾಯಿ ಅವಳನ್ನು ಕರೆದು, ತಾನು ನಿಲ್ಲುವ ಜಾಗದಲ್ಲೇ ನಿಲ್ಲಿಸಿ, ಅಚ್ಚನ್ನು ಬೆಳಕಿಗೆ ತಿರುಗಿಸಿ, "ಈಗ ನೋಡು. ಸ್ವಲ್ಪ ಆ ಕಡೆ ಸರಿ. ಬಂದ್ರಾ?" ಎಂದಳು.

ಮಗಳು ನೋಡಿದಳು. ಅಚ್ಚಿನೊಳಗೆ ಬೆರಳಿಟ್ಟಳು. ಮೂಗಿರಬೇಕಾದಲ್ಲಿ ಬೆರಳು ಕೆಳಗಿಳಿಯಿತು.

"ಇದು ಅಪ್ಪ ಅಲ್ಲಮ್ಮ," ಎಂದಳು. "ಅಪ್ಪ ಇಲ್ಲದಿರೋ ಜಾಗ ಇದು."

ತಾಯಿ ಅಚ್ಚನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ನೀನಾದ್ರೂ ನೋಡಿದೀಯ. ನನಗೆ ಅಪ್ಪನ ಮುಖ ಬೇಕು. ಮುಟ್ಟೋ ಹಾಗೆ. ಯಾವುದರಲ್ಲಾದ್ರೂ ಸರಿ, ಡಾಂಬರಲ್ಲಾದ್ರೂ ಸರಿ. ನಿನಗೊಬ್ಬಳಿಗೇ ಸೇರಿದ್ದಾ ಅದು?"

ಆ ಕೊನೆಯ ಮಾತು ತಾಯಿಗೆ ತಗಲಿತು. ಅಚ್ಚಿನ ಅಂಚು ತೇವಕ್ಕೆ ಪುಡಿ ಉದುರತೊಡಗಿದ್ದೂ ಅವಳಿಗೆ ಗೊತ್ತಿತ್ತು. ಇನ್ನು ಒಂದೆರಡು ಮಳೆಗಾಲ ಕಳೆದರೆ ನಗುವಿನ ಆ ಗೆರೆಯೂ ಉಳಿಯುವುದಿಲ್ಲ. ಪ್ಲಾಸ್ಟರಿನಲ್ಲೇ ಹುಯ್ಯುವುದೆಂದು ನಿರ್ಧರಿಸಿದಳು. ಅದು ಕುಗ್ಗುವುದಿಲ್ಲ, ಕೂದಲಿನ ಎಳೆಯನ್ನೂ ಬಿಡದೆ ಹಿಡಿಯುತ್ತದೆ. ಆತನ ಮುಖವನ್ನು ಒಮ್ಮೆ ಮುಟ್ಟಿದ ವಸ್ತುವೂ ಅದೇ.

ಮಗಳಿಗೆ ಬಿಡುವಿದ್ದ ಭಾನುವಾರ ಬೆಳಿಗ್ಗೆ ಇಬ್ಬರೂ ಷೆಡ್ಡಿಗಿಳಿದರು. ತಾಯಿ ಸೋಪನ್ನು ಕರಗಿಸಿ ಬಟ್ಟಲಿಗೆ ಸುರಿದು, ಆರಲೆಂದು ಹಿಂದಿನ ಸ್ಟೂಲಿನ ಮೇಲಿಟ್ಟು ಒದ್ದೆ ಬಟ್ಟೆ ಮುಚ್ಚಿದ್ದಳು. ಒಣಗಿದ ಹಳೆಯ ಅಚ್ಚು ಹೊಸ ಪ್ಲಾಸ್ಟರಿನ ನೀರನ್ನು ಹೀರದಿರಲೆಂದು ಅದನ್ನು ಟಬ್ಬಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೂ ಕಾದಳು. ಕಾಯುತ್ತಿದ್ದಾಗ ಮಗಳು ಆ ದಿನದ ಕಥೆ ಕೇಳಿದಳು: ಚಾಪೆ, ಹತ್ತಿ, ಮೂಗಿನ ಗುನುಗು. ತಾಯಿ ಗಂಡನ ಗುನುಗನ್ನು ಅನುಕರಿಸಿ ತೋರಿಸಿದಳು. ಮಗಳು ನಗುನಗುತ್ತ ಕಣ್ಣೊರೆಸಿಕೊಂಡಳು. ಆತ ಹೋದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಅಚ್ಚನ್ನು ನೀರಿನಿಂದೆತ್ತಿ ಮೇಜಿನ ಮೇಲಿಟ್ಟಳು. ತೇವಕ್ಕೆ ನೀಲಿ ಮುಖ ಮಿರಮಿರ ಮಿಂಚುತ್ತಿತ್ತು, ಸೋಪು ಸವರಿ ಒರೆಸಿದ ಅಚ್ಚು ಮಿಂಚುವ ಹಾಗೆಯೇ. ನೀರಿಗೆ ಪ್ಲಾಸ್ಟರ್ ಉದುರಿಸಿದಳು. ಅದು ಸಣ್ಣ ದ್ವೀಪದಂತೆ ತಲೆಯೆತ್ತಿ ನಿಂತಾಗ ಕೈ ಮುಳುಗಿಸಿ ತಳದಿಂದ ಕಲಸಿದಳು. ಇನ್ನು ತಡ ಮಾಡುವಂತಿಲ್ಲ.

ಮಗಳು ಸೊಂಟದ ಮೇಲೆ ಕೈಯಿಟ್ಟು, ಕಾರ್ಖಾನೆಯಲ್ಲಿ ತಾಯಿ ನಿಲ್ಲುತ್ತಿದ್ದ ಹಾಗೆ ನಿಂತು, ಅದೇ ದನಿಯಲ್ಲಿ ಕೇಳಿದಳು: "ಸೋಪು ಹಾಕಿದ್ರಾ?"

"ಓಹೋ! ನನಗೇ ಪಾಠ ಹೇಳ್ತೀಯಾ? ಸಾಕು, ಅಚ್ಚು ಅಲ್ಲಾಡದ ಹಾಗೆ ಹಿಡ್ಕೊ," ಎಂದು ನಗುತ್ತಲೇ ಸುರಿದಳು.

ಗಟ್ಟಿಯಾಗುವಾಗ ಅದು ಬಿಸಿಯಾಯಿತು. ಮಗಳು ಅಂಗೈಯನ್ನು ಮೇಲಿಟ್ಟು, "ಜ್ವರ ಬಂದಿದೆ," ಎಂದಳು. ಮಧ್ಯಾಹ್ನ ಊಟ ಮುಗಿಸಿ ಬಂದು ತಾಯಿ ಮೊಂಡು ಉಳಿ ಹಿಡಿದಳು. ಬಿಳಿಯ ಹೊರಪದರ ತುಂಡುತುಂಡಾಗಿ ಬಿತ್ತು. ನೀಲಿ ಕಂಡಿತು. ಕೈ ಹಗುರ ಮಾಡಿ, ಕಿವಿಯ ಅಂಚಿನಲ್ಲಿ ಒಂದು ಸಣ್ಣ ಏಟು ಹಾಕಿದಳು. ಮೊಟ್ಟೆಯ ಸಿಪ್ಪೆಯಂತೆ ಕಳಚಿ ಬರಬೇಕಾದ ನೀಲಿ ಬರಲಿಲ್ಲ. ಇನ್ನೊಂದು ಏಟಿಗೆ ಒಂದು ಚಕ್ಕೆ ಎದ್ದಿತು. ಅದನ್ನು ಅಂಗೈ ಮೇಲೆ ಮಗುಚಿ ನೋಡಿದಳು. ನೀಲಿಯ ಬೆನ್ನಿಗೆ ಹೊಸ ಎರಕದ ಬಿಳಿ ಅಂಟಿಕೊಂಡೇ ಬಂದಿತ್ತು. ನಡುವೆ ಗೆರೆಯಷ್ಟೂ ಬಿರುಕಿರಲಿಲ್ಲ.

ಅವಳು ತಿರುಗಿ ಸ್ಟೂಲಿನ ಕಡೆ ನೋಡಿದಳು. ಎದ್ದು ಹೋಗಿ ಒದ್ದೆ ಬಟ್ಟೆ ತೆಗೆದಳು. ಬಟ್ಟಲು ತುಂಬ ಸೋಪು ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಕುಂಚ ಒಣಗಿತ್ತು.

ಮಗಳಿಗೆ ಅರ್ಥವಾಯಿತು. ಅಚ್ಚುಗಳ ನಡುವೆಯೇ ಬೆಳೆದವಳು.

"ಅಮ್ಮಾ," ಎಂದಳು. ಒಣಗಿದ ಕುಂಚವನ್ನು ಕೈಗೆತ್ತಿಕೊಂಡಳು: "ನಾನು ಕೇಳಿದೆನಲ್ಲಮ್ಮ."

"ಹೂಂ. ಕೇಳಿದೆ."

"ತಮಾಷೆಗೆ ಕೇಳ್ದೆ."

"ಗೊತ್ತು. ನಾನು ಹಾಕಿದೀನಿ ಅಂತಲೇ ಅಂದ್ಕೊಂಡಿದ್ದೆ ಕಣೇ. ಆಣೆಗೂ."

ಎಷ್ಟೋ ಜನರ ಕೈಯಿಂದ ಆ ತಪ್ಪಾಗದಂತೆ ಕಾದವಳು ಸ್ಟೂಲಿನ ಪಕ್ಕದ ನೆಲದ ಮೇಲೆ ಕೂತಳು. ಮೇಜಿನ ಮೇಲೆ ನೀಲಿಯ ಗಡ್ಡೆಯೊಂದು ಉಳಿದಿತ್ತು. ಹಣೆ ಇರಬೇಕಾದಲ್ಲಿ ಒಂದು ಇಳಿಜಾರು, ಮೂಗಿನ ಕಡೆ ಒಂದು ದಿಣ್ಣೆ, ಅಷ್ಟೇ. ಗಾಯಕ್ಕೆ ಸುತ್ತಿದ ಪಟ್ಟಿಯಡಿ ಮುಖ ಇರುವ ಹಾಗೆ, ಎಲ್ಲವೂ ಒಳಗೆ ಇತ್ತು.

ಮಗಳೇ ಧೈರ್ಯ ತಂದುಕೊಂಡು ಹೇಳಿದಳು: "ಕೆತ್ತು ಅಮ್ಮ. ನೀಲಿ ಎಲ್ಲಿ ಮುಗಿಯತ್ತೋ ಅಲ್ಲೇ ಅಪ್ಪ ಇದಾರೆ. ನಿಧಾನವಾಗಿ ಕೆತ್ತಿದ್ರೆ ಆಯ್ತು. ಅಪ್ಪನ ಮುಖ ನಿನಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಬೇಡ." ಅವಳು ಚಕ್ಕೆಯನ್ನು ಇನ್ನೂ ಹಿಡಿದೇ ಇದ್ದಳು. "ಕೆತ್ತಿದ್ರೆ ನನಗೆ ಗೊತ್ತಿರೋದು ಬರತ್ತೆ. ಮೂಗು ಮಾಡ್ತೀನಿ, ಬಾಯಿ ಮಾಡ್ತೀನಿ, ನಗುವನ್ನೂ ಮಾಡಿಬಿಡ್ತೀನಿ. ಎಲ್ಲ ನನ್ನ ಕೈದೇ ಆಗತ್ತೆ. ಇಷ್ಟು ವರ್ಷ ಎಲ್ಲಾನೂ ನಾನೇ ಮಾಡಿದ್ನಲ್ಲ. ಇದೊಂದನ್ನ ನಾನು ಮಾಡಿರಲಿಲ್ಲ. ಇದಕ್ಕೆ ಅವರೇ ಬಂದು ಮುಖ ಕೊಟ್ಟಿದ್ರು."

ಕಿಟಕಿಯ ಆಚೆ ದರ್ಜಿಯ ಯಂತ್ರ ನಿಂತಿತ್ತು. ಆತ ನೋಡಿದ್ದು ಇದನ್ನೇ: ಮೇಜಿನ ಮೇಲೆ ನೀಲಿಯ ತಲೆ, ನೆಲದ ಮೇಲೆ ಕೂತ ಹೆಂಗಸು, ಅವಳ ಕೈ ತುಂಬ ಬಿಳಿ.

ಮರುವಾರ ಮಗಳು ಒಂದು ಚೀಲ ತಂದಳು. "ಒಳಗೆ ಇದಾರೆ ಅಲ್ವಾ? ಇರಲಿ. ಹಾಗೇ ಕೊಡು," ಎಂದಳು. ತಾಯಿ ಗಡ್ಡೆಯನ್ನು ಒರೆಸಿ, ಕಿವಿಯ ಬಳಿ ಎದ್ದ ಚಕ್ಕೆಯನ್ನು ಕಾಗದದಲ್ಲಿ ಸುತ್ತಿ ಜೊತೆಗಿಟ್ಟು, ಬಸ್ ಸ್ಟಾಪಿನವರೆಗೂ ಬಂದಳು. ಬಸ್ಸಿನಲ್ಲಿ ಮಗಳು ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು. ಎಳೆಯ ವಯಸ್ಸಿನ ಕಂಡಕ್ಟರ್ ಬಂದು ಅದರ ಭಾರ ನೋಡಿ, "ಇದಕ್ಕೆ ಲಗೇಜ್ ಆಗತ್ತೆ ಮೇಡಂ," ಎಂದ. ಅವಳು ವಾದಿಸಲಿಲ್ಲ. ಆತ ಹರಿದುಕೊಟ್ಟ ಚೀಟಿಯನ್ನು ಮಡಿಚಿ ಮುಷ್ಟಿಯಲ್ಲಿಟ್ಟುಕೊಂಡು, ಇಳಿಯುವ ಸ್ಟಾಪು ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತಳು.

ಗಡ್ಡೆ ಈಗ ಮಗಳ ಮನೆಯಲ್ಲಿ, ಔಷಧಿ ಡಬ್ಬಗಳ ಪಕ್ಕದ ಗೂಡಿನಲ್ಲಿದೆ. ಅದನ್ನು ಯಾರೂ ಕೆತ್ತಿಲ್ಲ. ಡ್ಯೂಟಿಗೆ ಹೊರಡುವಾಗ ಅವಳು ಮೂಗಿನ ದಿಣ್ಣೆಯ ಮೇಲೆ ಒಮ್ಮೆ ಕೈಯಿಡುತ್ತಾಳೆ. ಅಲ್ಲಿ ನೀಲಿ ಸ್ವಲ್ಪ ಮಾಸಿದೆ. ಸೋಪಮ್ಮ ಹಳೆಯ ಮನೆಯಲ್ಲೇ ಇದ್ದಾಳೆ. ಮರ ಕೆತ್ತುತ್ತಾಳೆ, ತಂತಿ ಬಾಗಿಸುತ್ತಾಳೆ, ಕಾಗದ ಅರೆಯುತ್ತಾಳೆ. ಮುಖಗಳನ್ನು ಮಾಡುವುದಿಲ್ಲ. ಪ್ಲಾಸ್ಟರಿನ ಡಬ್ಬದ ಮುಚ್ಚಳ ಆ ಭಾನುವಾರದಿಂದ ತೆರೆದಿಲ್ಲ, ಒಳಗಿನ ಪುಡಿ ತೇವಕ್ಕೆ ಕಲ್ಲಾಗಿದೆ. ದರ್ಜಿ ಆ ಕಿಟಕಿಗೆ ಪರದೆ ಹಾಕಿಕೊಂಡಿದ್ದಾನೆ.